ಬಾನೆಟ್ಟಿನ ಮೇಲೆ ಇನ್ನೂರ ಎಂಬತ್ತೇಳು ಬೆಳಗುಗಳು

ಕಾರು ಒರೆಸಿದ ದಿನಗಳನ್ನು ಡೈರಿಯ ಕೊನೆಯ ಪುಟದಲ್ಲಿ ಗೀಟು ಹಾಕಿ ಎಣಿಸುತ್ತಿದ್ದೆ, ಐದಕ್ಕೊಂದು ಕಟ್ಟು. ಹುಣಸೂರಿಗೆ ಹೊರಟ ಬುಧವಾರದ ಹೊತ್ತಿಗೆ ಒಟ್ಟು ಇನ್ನೂರ ಎಂಬತ್ತೇಳು. ತಿಂಗಳ ಮೊದಲ ಭಾನುವಾರ ಮೇಣ ಹಚ್ಚಿದ್ದು ಹತ್ತು ಸಲ.

ಬಹಳ ವರ್ಷ ಬೇರೆಯವರ ಗಾಡಿ ಓಡಿಸಿದ ಅಪ್ಪ ಕೊಂಡ ಮೊದಲ ಸ್ವಂತ ಕಾರು ಅದು. ಸೆಕೆಂಡ್ ಹ್ಯಾಂಡ್, ಕಡುಕಪ್ಪು. ಎಂಜಿನ್ ಅವರ ಪಾಲು, ಮೈ ನನ್ನ ಪಾಲು. ದಿನಾ ಬೆಳಿಗ್ಗೆ ಅವರು ಬಾನೆಟ್ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆಯುವರು. ಮರುದಿನ ನಾನು ಅವರ ಹಳೆಯ ಪಂಚೆಯ ತುಂಡಿನಿಂದ ಧೂಳಿನ ಜೊತೆ ಅದನ್ನೂ ಒರೆಸುವೆ.

ಆದರೂ ಕಾರು ಮಂಕಾಗುತ್ತಲೇ ಹೋಯಿತು. ಚುಂಚನಕಟ್ಟೆಯಲ್ಲಿ ಬಿಸಿಲಿಗೆ ನಿಲ್ಲಿಸಿದ್ದಾಗ ಅಪ್ಪನ ಸ್ನೇಹಿತರೊಬ್ಬರು ಬಗ್ಗಿ ನೋಡಿ, "ಏನ್ಲಾ, ಜೇಡ ಸಾಕಿದ್ದೀಯಾ? ಮೈ ತುಂಬ ಬಲೆ ಕಟ್ಟೈತಲ್ಲೋ!" ಅಂದರು. ನಿಜ. ಬಿಸಿಲು ಬಿದ್ದ ಕಡೆಯೆಲ್ಲ ಸುತ್ತುಸುತ್ತಾಗಿ ಕೂದಲೆಳೆಯಂಥ ಗೀರು. ಅಪ್ಪ ನಗಲಿಲ್ಲ. ಹೊಸದಾಗಿ ಪೇಂಟ್ ಹೊಡೆಸಿದರೆ ನೋಡಿದವರೆಲ್ಲ ಆಕ್ಸಿಡೆಂಟ್ ಗಾಡಿ ಅನ್ನುತ್ತಾರೆ. ಪೇಂಟ್ ಹೊಡೆಸದೆಯೇ ಆ ಕಪ್ಪು ವಾಪಸ್ ಬರಬೇಕಿತ್ತು.

ಹುಣಸೂರಿನ ಭಾಯ್ ಮೊದಲು ಮಂಚ, ಬೀರುಗಳಿಗೆ ಪಾಲಿಶ್ ಮಾಡುತ್ತಿದ್ದವರು, ಈಗ ಕಾರುಗಳಿಗೆ. ಅಪ್ಪ ಕಾರು ಒಪ್ಪಿಸಿ ತಾಲ್ಲೂಕು ಕಚೇರಿಗೆ ಹೋದರು. ನಾನು ಉಳಿದೆ.

ಕಾರು ತೊಳೆದ ಮೇಲೆ ಭಾಯ್ ಮೇಣ ಕರಗಿಸುವ ದ್ರವದಲ್ಲಿ ಬಟ್ಟೆ ಅದ್ದಿ ಒರೆಸಿದರು. ಬಟ್ಟೆ ಹಳದಿಯಾಯಿತು. ನೀರು ಚಿಮುಕಿಸಿ, ಹನಿ ಗುಂಡಗೆ ನಿಂತ ಕಡೆ ಮತ್ತೆ ಒರೆಸಿದರು. ನಾಲ್ಕನೇ ಸಲಕ್ಕೆ ನೀರು ತೆಳ್ಳಗೆ ಹರಡಿಕೊಂಡಿತು. ಮೇಣ ಪೂರ್ತಿ ಹೋಗಿತ್ತು. ಅದು ಮುಚ್ಚಿಟ್ಟಿದ್ದ ಗೀರುಗಳೆಲ್ಲ ಎದ್ದು ಕಂಡವು.

"ದಿನಾ ಒಣಬಟ್ಟೇಲಿ ಒರೆಸೋರು ಯಾರಮ್ಮ?"

"ನಾನೇ, ಭಾಯ್."

"ಅಂಗನ್ನು. ವಿಭೂತಿ ನುಣ್ಣಗದೆ, ಪಾಪ, ಅದರ ತಪ್ಪಿಲ್ಲ. ರಸ್ತೆ ಧೂಳು ಐತಲ್ಲ, ಅದು ಮರಳು ಕಣಮ್ಮ. ನೀನು ಒರೆಸಿರೋದು ಪಂಚೇಲಲ್ಲ, ಉಪ್ಪುಕಾಗದದಲ್ಲಿ!"

ಇನ್ನೂರ ಎಂಬತ್ತೇಳು ಸಲ ಅಂದೆ.

"ಲೆಕ್ಕ ಬೇರೆ ಇಟ್ಟಿದ್ದೀಯಾ?" ಭಾಯ್ ನಕ್ಕು ಬಾನೆಟ್ಟಿಗೆ ದೀಪ ಹಿಡಿದರು. "ಗಾಡೀನೂ ಇಟ್ಟದೆ, ನೋಡು."

ಬಾನೆಟ್ ನಡುವೆ ಟೇಪ್ ಅಂಟಿಸಿ ಎಡ ಅರ್ಧಕ್ಕೆ ಪಾಲಿಶ್ ಮಷೀನ್ ಇಟ್ಟರು. ಒಂದು ಸಲಕ್ಕೆ ಮೊಳದಗಲದ ಚೌಕ. ಅಡ್ಡ ಒಂದು ಸಲ, ಉದ್ದ ಒಂದು ಸಲ, ಹೀಗೆ ಆರು ಸಲ. ಪ್ರತಿ ಚೌಕ ಮುಗಿದಾಗ ಕೈಯ ಹಿಂಬದಿ ತಗುಲಿಸಿ ಬಿಸಿ ನೋಡುವರು. ಗೀರನ್ನು ತುಂಬುವುದಲ್ಲವಂತೆ, ಸುತ್ತಲಿನ ಮೈಯನ್ನೇ ಗೀರಿನ ತಳದ ಮಟ್ಟಕ್ಕೆ ಇಳಿಸುವುದಂತೆ.

ಟೇಪ್ ಕಿತ್ತರು. ಬಲಗಡೆ ಬೂದು ಮಬ್ಬು. ಎಡಗಡೆ ಬಾವಿ. ಎದುರಿನ ಹೊಂಗೆಮರ ಅದರೊಳಗೆ ತಲೆಕೆಳಗಾಗಿ ನಿಂತಿತ್ತು. ಎಲೆ ಎಣಿಸಬಹುದಾಗಿತ್ತು. ಎಣಿಸತೊಡಗಿದೆ, ಹದಿನೆಂಟಕ್ಕೆ ಗಾಳಿ ಬೀಸಿ ಲೆಕ್ಕ ತಪ್ಪಿತು, ಮತ್ತೆ ಶುರು ಮಾಡುವ ಮನಸ್ಸಾಗಲಿಲ್ಲ. ಹತ್ತು ಸಲ ಮೇಣ ಹಚ್ಚಿದರೂ ಬಾರದ ಆಳ, ಬರೀ ತೆಗೆದದ್ದರಿಂದ ಬಂದಿತ್ತು.

ಬಲಗಡೆಯೂ ಮುಗಿಯಿತು. ವಿಭೂತಿ ಎಳೆಯುವ ಜಾಗದಲ್ಲಿ ಒಂದು ಆಳವಾದ ಗೀರು ಮಾತ್ರ ಹೋಗಲಿಲ್ಲ. ಭಾಯ್ ಇನ್ನೊಂದು ಸುತ್ತು ಓಡಿಸಿ ಮಷೀನ್ ಆರಿಸಿದರು.

"ಇದು ಇರ್ಲಿ ಬುಡು. ಇನ್ನೂ ತಿಕ್ಕಿದ್ರೆ ಬಣ್ಣನೇ ಕಿತ್ಕೊಂಡ್ ಬತ್ತದೆ."

ಅಪ್ಪ ಬಂದವರು ಬಾನೆಟ್ಟಿಗೆ ಬಗ್ಗಿದರು, ಮೀಸೆ ಸವರಿಕೊಂಡರು. ಗೀರೆಲ್ಲ ನನ್ನ ಬಟ್ಟೆಯವೇ ಎಂದು ಹೇಳಿ ಗೀಟಿನ ಪುಟ ತೋರಿಸಿದೆ.

"ವಿಭೂತಿ ಇಟ್ಟೋನು ನಾನಲ್ವಾ? ಅರ್ಧ ನನ್ನ ಹೆಸರಿಗೆ ಬರ್ಕೊ ಕಣವ್ವ," ಅಂದರು.

ಮಾರನೆಯ ಬೆಳಿಗ್ಗೆ ಅಭ್ಯಾಸದಂತೆ ಅವರ ಮೂರು ಬೆರಳು ಬಾನೆಟ್ಟಿಗೆ ಇಳಿದವು. ಹೊಳಪಿನ ಒಳಗಿನಿಂದ ಇನ್ನೂ ಮೂರು ಬೆರಳು ಎದುರಿಗೆ ಮೇಲೆದ್ದು ಬಂದವು. ಅಪ್ಪ ಕೈ ತಡೆದರು. ಸ್ವಲ್ಪ ಹೊತ್ತು ಹಾಗೇ ನೋಡುತ್ತಿದ್ದು, ವಿಭೂತಿಯನ್ನು ಮುಂದಿನ ಗಾಜಿನ ಮೂಲೆಗೆ ಎಳೆದರು. ನಾನು ಒಣ ಪಂಚೆ ಬಿಟ್ಟು ನೀರಿನ ಬಕೆಟ್ ತರಲು ಹೋದೆ.