ಅತ್ತೆಯರ ಬಿಪಿ

ಪುಟ್ಟಲಕ್ಷ್ಮಮ್ಮ ಸಿಸ್ಟರ್ ಎದುರು ಬಸುರಿ ಹುಡುಗಿ ಬಂದು ಕೂತರೆ, ಅವರು ಮೊದಲು ಬಿಪಿ ಪಟ್ಟಿ ಕಟ್ಟುತ್ತಿದ್ದುದು ಜೊತೆಗೆ ಬಂದ ಅತ್ತೆಯ ತೋಳಿಗೆ. ಅದೂ ಪಕ್ಕದ ಕೋಣೆಗೆ ಕರೆದೊಯ್ದು, ಬಾಗಿಲು ಹಾಕಿಕೊಂಡು. "ಒಂದ್ಸಲ ನೋಡುದ್ರೆ ಸಾಲ್ದು, ಸುಧಾರಿಸ್ಕೊಳಮ್ಮ, ಇನ್ನೊಂದ್ಸಲ ನೋಡ್ತೀನಿ" ಎಂದು ಕಾಲು ಗಂಟೆ ಕೂರಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಈಚೆ ಆಶಾ ಕಾರ್ಯಕರ್ತೆ ಹುಡುಗಿಯ ಬಾಯಿ ಬಿಡಿಸಿರುತ್ತಿದ್ದಳು. ಸಿಸ್ಟರ್ ಪಿಸುಗುಟ್ಟಿದರೂ ಹೊರಗಿನ ಬೆಂಚಿಗೆ ಕೇಳಿಸುವಂಥ ದನಿ. ಆದರೆ ಆ ಬಾಗಿಲ ಹಿಂದಿನ ಮಾತು ಮಾತ್ರ ಎಂದೂ ಕೇಳಿಸಿದ್ದಿಲ್ಲ.

ದಾಬಸ್‌ಪೇಟೆ ಬಳಿಯ ಅವರ ಆರೋಗ್ಯ ಕೇಂದ್ರದಲ್ಲಿ, ಹದಿನೆಂಟು ಹತ್ತೊಂಬತ್ತು ವಯಸ್ಸಿನ ಬಸುರಿಯರಿಗೆಂದೇ ಗುರುವಾರದ ತಪಾಸಣೆಯನ್ನು ಪ್ರಯೋಗವಾಗಿ ಶುರುಮಾಡಿದ್ದೆವು. ಚೆನ್ನಾಗಿ ನಡೆಯಿತು. ಜಿಲ್ಲೆಗೆಲ್ಲ ವಿಸ್ತರಿಸಿ ಎಂದು ಆದೇಶ ಬಂದಾಗ, ಮಾರ್ಗಸೂಚಿ ಬರೆಯುವ ಕೆಲಸ ಜಿಲ್ಲಾ ಆರೋಗ್ಯ ಕಚೇರಿಯಲ್ಲಿದ್ದ ನನ್ನ ಪಾಲಿಗೆ ಬಂತು. ತೂಕ, ರಕ್ತ ಪರೀಕ್ಷೆ, ಕಬ್ಬಿಣದ ಮಾತ್ರೆ ಎಲ್ಲ ಬರೆದು, ಅತ್ತೆಯರ ಬಿಪಿಯನ್ನು ಕೈಬಿಟ್ಟೆ. ಬಸುರಿಯರ ಕಾರ್ಯಕ್ರಮದಲ್ಲಿ ಅತ್ತೆಯರಿಗೇನು ಕೆಲಸ ಎನ್ನುವ ಜಾಣತನ ನನ್ನದು. ಸಿಸ್ಟರ್ ಓದಿ ನಕ್ಕರು.

"ಚೆನ್ನಾಗ್ ಬರ್ದಿದ್ದೀರ ಮೇಡಂ. ಹುಡ್ಗೀರು ಬರ್ತಾರೆ, ಬಾಯಿ ಮಾತ್ರ ಬಿಡಲ್ಲ, ನೋಡ್ತಿರಿ."

ನೋಡಿದೆ. ಬೂದಿಗೆರೆ ಕಡೆಯ ಒಂದು ಕೇಂದ್ರಕ್ಕೆ ಅವರನ್ನೂ ಕರೆದುಕೊಂಡು ಹೋಗಿದ್ದೆ. ಎಂಟು ತಿಂಗಳ ಬಸುರಿಯೊಬ್ಬಳು ತಲೆ ತಗ್ಗಿಸಿ ಕೂತಿದ್ದಳು. ಅವಳನ್ನು ಏನು ಕೇಳಿದರೂ ಅತ್ತೆಯೇ "ಚೆನ್ನಾಗವ್ಳೆ" ಎನ್ನುತ್ತಿದ್ದಳು. ಸಿಸ್ಟರ್ "ಬಾರಕ್ಕಾ, ನಿನ್ ಬಿಪಿ ನೋಡಾಣ" ಎಂದು ಅತ್ತೆಯನ್ನು ಎಬ್ಬಿಸಿಕೊಂಡು ಹೋದರು. ಬಾಗಿಲು ಹಾಕಿದ್ದೇ ತಡ, ಹುಡುಗಿ ನನ್ನ ಕೈ ಹಿಡಿದುಕೊಂಡಳು.

"ನಿನ್ನೆಯಿಂದ ರಕ್ತ ಹೋಗ್ತೈತೆ ಮೇಡಂ. ಹೇಳುದ್ರೆ ಬೈತಾರೆ ಅಂತ ಸುಮ್ನಿದ್ದೀನಿ."

ಆಗಲೇ ಆಂಬುಲೆನ್ಸ್ ಕರೆಸಿ ದೊಡ್ಡಾಸ್ಪತ್ರೆಗೆ ಸಾಗಿಸಿದೆವು. ತಾಯಿ, ಮಗು ಇಬ್ಬರೂ ಉಳಿದರು. ನನ್ನ ಮಾರ್ಗಸೂಚಿಯೊಂದನ್ನೇ ನೆಚ್ಚಿಕೊಂಡಿದ್ದರೆ ಅವಳು ಮಾತ್ರೆ ಇಸಿದುಕೊಂಡು ಸೀದಾ ಮನೆಗೆ ಹೋಗುತ್ತಿದ್ದಳು. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಸಿಸ್ಟರ್ ನಿವೃತ್ತರಾದ ದಿನ, ತಿದ್ದಿದ ಮಾರ್ಗಸೂಚಿ ತೋರಿಸಲು ಹೋದೆ. ಅದೇ ನಮ್ಮ ಕೊನೆಯ ಭೇಟಿ. ಬಿಪಿ ನೋಡುವ ನೆಪದಲ್ಲಿ ಅತ್ತೆಯನ್ನು ಕಾಲು ಗಂಟೆ ದೂರವಿಡತಕ್ಕದ್ದು ಎಂದು ಬರೆದಿದ್ದೆ. ಹಾರ ಹಾಕಿಕೊಂಡಿದ್ದಂತೆಯೇ ಓದಿದರು. ಮೆಚ್ಚುತ್ತಾರೆ ಅಂದುಕೊಂಡಿದ್ದೆ, ಅವರು ಅಡ್ಡಡ್ಡ ತಲೆಯಾಡಿಸಿಬಿಟ್ಟರು.

"ನೆಪ ಅಂತ ಯಾಕ್ ಬರ್ದ್ರಿ ಮೇಡಂ? ಆ ಅತ್ತೇರೂ ಹದಿನಾರಕ್ಕೇ ಹೆತ್ತೋರು. ಅವಾಗ ಹಿಂಗೆ ಒಳಕ್ಕೆ ಕರ್ದು, ಕೂರ್ಸಿ, ಹೆಂಗಿದ್ದೀಯವ್ವಾ ಅಂತ ಯಾರೂ ಕೇಳ್ಲಿಲ್ಲ. ನಾನ್ ಕೇಳ್ತಿದ್ದೆ. ಅವ್ರು ಅಳ್ತಿದ್ರು."