ಪ್ಲಗ್ ಕಿತ್ತ ಮಧ್ಯಾಹ್ನ

ದೆವ್ವ, ಪವಾಡ ಎಂದವರನ್ನು ಮುಖಕ್ಕೇ ಬೈದು ಕಳಿಸಿದವನು ನಾನು. ಹೈಸ್ಕೂಲಿನಲ್ಲಿ ಕಲಿತ ವಿಜ್ಞಾನವೇ ಸಾಕೆನ್ನುವ ಜಂಬ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಕೊಡ್ಲಿಪೇಟೆಯ ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ನನ್ನ ಹೆಂಡತಿ ಸರೋಜಳಿಗೆ ಹೊಟ್ಟೆಯ ಆಪರೇಷನ್ ಆಗಿ, ಹೊಲಿಗೆ ಬಿಚ್ಚಿಕೊಂಡು, ಗಾಯ ಮಾಯಲೇ ಇಲ್ಲ. ಆಸ್ಪತ್ರೆಯವರು ಗಾಯದೊಳಗೆ ಸ್ಪಂಜು ತುಂಬಿ, ಮೇಲೆ ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕೊಳವೆಯನ್ನು ಒಂದು ಪುಟ್ಟ ಮೆಷಿನ್ನಿಗೆ ಜೋಡಿಸಿ ಮನೆಗೆ ಕಳಿಸಿದರು. ಅದು ಹಗಲೂ ರಾತ್ರಿ ಗುರುಗುಟ್ಟುತ್ತ ಗಾಯದ ನೀರನ್ನು ಡಬ್ಬಿಗೆ ಎಳೆಯುತ್ತಿತ್ತು. ಆ ಸದ್ದೇ ನನಗಾಗದು.

“ಅಂಕಲ್, ಸಿಟ್ಟು ಬಂದ್ರೆ ನನಗೆ ಬಯ್ಯಿರಿ, ಮೆಷಿನ್ ಮುಟ್ಬೇಡಿ,” ಎಂದು ಡ್ರೆಸ್ಸಿಂಗ್ ಬದಲಿಸಲು ಬರುತ್ತಿದ್ದ ನರ್ಸ್ ನಗುತ್ತಲೇ ಎಚ್ಚರಿಸಿದ್ದಳು. “ಎರಡು ಗಂಟೆ ನಿಂತ್ರೆ ಸ್ಪಂಜಲ್ಲೇ ಕೀವಾಗ್ತದೆ. ಆಂಟಿಗೆ ಮತ್ತೆ ಆಪರೇಷನ್ನೇ.”

ಅದು ರೊಬಸ್ಟಾ ಕಾಫಿಯ ಮೊಗ್ಗು ನೀರಿಗೆ ಕಾಯುವ ಕಾಲ. ಮಳೆ ಕೈಕೊಟ್ಟಿತ್ತು. ಎಲ್ಲರ ತೋಟದಲ್ಲೂ ಸ್ಪ್ರಿಂಕ್ಲರ್ ಓಡುತ್ತಿತ್ತು. ಒಂದು ಮಧ್ಯಾಹ್ನ ವೋಲ್ಟೇಜ್ ಸಾಲದೆ ನಮ್ಮ ಕೆರೆಯ ಮೋಟಾರು ಸ್ಟಾರ್ಟ್ ಆಗಲಿಲ್ಲ. ಮನೆಗೆ ನುಗ್ಗಿ ಕಂಡ ಪ್ಲಗ್ಗುಗಳನ್ನೆಲ್ಲ ಕಿತ್ತೆ. ಫ್ರಿಜ್ಜು, ಟಿವಿ, ಕೊನೆಗೆ ಸರೋಜಳ ಮೆಷಿನ್ನಿನದನ್ನೂ. ಅದು ಬ್ಯಾಟರಿಯಲ್ಲಿ ಕೀ ಕೀ ಎಂದು ಕೂಗತೊಡಗಿತು. “ನಿನ್ನಿಂದ ತೋಟವೇ ಒಣಗ್ತದೆ, ಸುಮ್ನಿರು!” ಎಂದು ಗುಂಡಿ ಒತ್ತಿ ಆರಿಸಿದೆ. ಬೈದದ್ದು ಮೆಷಿನ್ನಿಗೋ, ಕಣ್ಣುಮುಚ್ಚಿ ಮಲಗಿದ್ದ ಸರೋಜಳಿಗೋ, ನನ್ನನ್ನು ಕೇಳಬೇಡಿ.

ಮೋಟಾರು ಸ್ಟಾರ್ಟ್ ಆಯಿತು. ತೋಟದಲ್ಲಿ ಪೈಪು ಎಳೆಯುತ್ತ ಎಲ್ಲವನ್ನೂ ಮರೆತೆ. ಹೊತ್ತು ಇಳಿದ ಮೇಲೆ ನೆನಪಾಗಿ, ಒದ್ದೆ ಬಟ್ಟೆಯಲ್ಲೇ ಮನೆಗೆ ಓಡಿದೆ.

ಪ್ಲಗ್ ನೆಲದ ಮೇಲೇ ಇತ್ತು. ಮೆಷಿನ್ನಿನ ಪರದೆ ಕಪ್ಪಾಗಿತ್ತು, ಸದ್ದಿರಲಿಲ್ಲ. ಆದರೆ ಹಾಳೆ ಗಾಯಕ್ಕೆ ಬಿಗಿಯಾಗಿ ಕಚ್ಚಿಕೊಂಡಿತ್ತು. ಕೊಳವೆಯೊಳಗೆ ಕೆಂಪು ನೀರು ಡಬ್ಬಿಯ ಕಡೆಗೆ ಮೆಲ್ಲಗೆ ತೆವಳುತ್ತಿತ್ತು.

“ಇಷ್ಟೊತ್ತು ಪಕ್ಕದಲ್ಲೇ ಕೂತು ಈ ಮೆಷಿನ್ ಪೈಪು ಹಿಡ್ಕಂಡಿದ್ರಲ್ಲ, ಈಗೆಲ್ಲಿಗೆ ಹೋಗಿದ್ರಿ?” ಎಂದಳು ಸರೋಜ. “ಒಂದ್ ಮಾತೂ ಬಯ್ಯಲಿಲ್ಲ. ಮೈ ಹುಷಾರಿಲ್ವೇನ್ರೀ?”

ಪ್ಲಗ್ ಹಾಕಿ ಗುಂಡಿ ಒತ್ತಿದೆ. ಮರುದಿನ ನರ್ಸ್ ಬಂದು ಗಾಯ ಚೆನ್ನಾಗಿ ಕೂಡುತ್ತಿದೆ ಎಂದಳು. ಆ ಮಧ್ಯಾಹ್ನ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳದು ಕನಸು ಎನ್ನೋಣವೆಂದರೆ, ಆರಿದ ಮೆಷಿನ್ನಿನ ಕೊಳವೆಯಲ್ಲಿ ನೀರು ತೆವಳಿದ್ದನ್ನು ಕಂಡವನು ನಾನೇ.

ಸರೋಜ ಗುಣವಾದಳು. “ಇವ್ರದ್ದು ಬಾಯಿ ಮಾತ್ರ ಜೋರು. ಅವತ್ತು ಮಧ್ಯಾಹ್ನವೆಲ್ಲ ನನ್ನ ಪಕ್ಕದಿಂದ ಎದ್ದಿಲ್ಲ,” ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಅದು ನಾನಲ್ಲವೆಂದು ಹೇಳುವ ಧೈರ್ಯ ಬಂದಿಲ್ಲ. ಇದನ್ನು ಓದಿಯೇ ಅವಳಿಗೆ ತಿಳಿಯಲಿ. ನನ್ನ ಜಾಗದಲ್ಲಿ ಕೂತವನು ಯಾರು? ನಾನು ಮಾಡಬೇಕಾದದ್ದನ್ನು ಮಾಡಿ ಹೋದ. ಅವನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.