ಅಂಗಳಕ್ಕೆ ಬಂದ ಶನಿ

ಎಂಬತ್ತರ ದಶಕ. ಮುಂಬಯಿಯ ಮುಲುಂಡಿನ ನಮ್ಮ ಬಿಲ್ಡಿಂಗಿನ ಹಿಂದಿನ ಅಂಗಳದಲ್ಲಿ ಒಂದು ಸಂಜೆ ಹೊಸ ಟೆಲಿಸ್ಕೋಪ್ ನಿಲ್ಲಿಸಿ ಮೊದಲ ಸಲ ಕಣ್ಣಿಟ್ಟೆ. ಬಳೆ ತೊಟ್ಟ ಶನಿ! ಯಾರೋ ಗಾಜಿಗೆ ಚಿತ್ರ ಅಂಟಿಸಿದ್ದಾರೆಂದು ಮುಂದೆ ಹೋಗಿ ಒರೆಸಿಯೂ ನೋಡಿದೆ. ತಡೆಯಲಾರದೆ ಪಕ್ಕದ ಮನೆಯ ಬಿಜಾಪುರದ ಗಂಗವ್ವನನ್ನು ಕರೆದೆ.

"ಏನ್ ಚಂದ ಐತ್ರಿ! ಯಾವ ಚುಕ್ಕಿರೀ ಇದು?"

"ಶನಿ, ಗಂಗವ್ವ."

ಆಕೆ ಹಾವು ತುಳಿದವರಂತೆ ಹಿಂದಕ್ಕೆ ಹಾರಿದರು. "ನನ್ನ ರಾಶಿಗೆ ಸಾಡೇಸಾತಿ ನಡದೈತ್ರಿ! ದೂರ ಇದ್ದವನ್ನ ಹತ್ತರ ಕರದು ಕುಂಡ್ರಿಸಿದ್ರಲ್ಲ! ಮೊದ್ಲ ಆ ಕೊಳವಿ ಉಲ್ಟಾ ಮಾಡ್ರಿ!"

ಕೊಳವೆಯನ್ನು ಹಿಂದುಮುಂದಾಗಿ ತಿರುಗಿಸಿದೆ. ಆಕೆ ಹೆದರುತ್ತಲೇ ಬಗ್ಗಿ ನೋಡಿ, "ಹಾಂ, ಹೋದ" ಎಂದು ಉಸಿರುಬಿಟ್ಟು ಒಳಗೆ ನಡೆದರು.

ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ನಾನೂ ಒಮ್ಮೆ ಉಲ್ಟಾ ಕಡೆಯಿಂದ ಇಣುಕಿದೆ. ನನ್ನ ರಾಶಿಯೂ ಅದೇ.